ಪ್ರತಿಕ್ರಿಯೆ: ಕೊರಿಯನ್ ಭೂತಕಾಲದಲ್ಲಿ ‘ಆಸ್ಸೊಯೋ’ ಎಲ್ಲಿ, ‘ಒಸ್ಸೊಯೋ’ ಎಲ್ಲಿ?

ಕೊರಿಯನ್‌ನಲ್ಲಿ ‘ಹೋದೆ’ಗೆ ನೀವು ಬರೆದ ‘ಕಾಸ್ಸೊಯೋ’ ಸರಿಯಾಗಿ, ‘ತಿಂದೆ’ಗೆ ಬರೆದ ‘ಮೊಗಾಸ್ಸೊಯೋ’ ಯಾಕೆ ತಪ್ಪಾಯಿತು ಅಂತ ಕೇಳಿದ್ದೀರಿ. ನೀವು ಬಹುಶಃ ಎಲ್ಲ ಕ್ರಿಯಾಪದಕ್ಕೂ ಭೂತಕಾಲದ ಪ್ರತ್ಯಯವಾಗಿ ‘ಆಸ್ಸೊಯೋ’ ಒಂದನ್ನೇ ಹಚ್ಚುತ್ತಿದ್ದೀರಿ.

ಮೊದಲು ನಿಘಂಟಿನ ರೂಪದ ಕೊನೆಯ ‘ದಾ’ ತೆಗೆಯಿರಿ. ಉಳಿದದ್ದರ ಕೊನೆಯ ಸ್ವರ ನೋಡಿ. ‘ಆ’ ಅಥವಾ ‘ಓ’ ಇದ್ದರೆ ‘ಆಸ್ಸೊಯೋ’. ಬೇರೆ ಯಾವುದಿದ್ದರೂ ‘ಒಸ್ಸೊಯೋ’. ‘ತಿನ್ನು’ ಅನ್ನುವ ಕ್ರಿಯಾಪದದಲ್ಲಿ ‘ದಾ’ ತೆಗೆದ ಮೇಲೆ ಉಳಿಯುವ ‘ಮೊಕ್’ನಲ್ಲಿರುವುದು ಬಾಯಿ ತೆರೆದು ಹೇಳುವ ‘ಒ’, ತುಟಿ ದುಂಡಗೆ ಮಾಡುವ ‘ಓ’ ಅಲ್ಲ. ಹಾಗಾಗಿ ‘ಮೊಗೊಸ್ಸೊಯೋ’. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಇವೆರಡು ಕಲಸಿಹೋಗುತ್ತವೆ, ಆದಷ್ಟು ಬೇಗ ಕೊರಿಯನ್ ಲಿಪಿಯಾದ ಹಂಗುಲ್‌ನಲ್ಲೇ ಬರೆಯಿರಿ. ‘ಮಾಡು’ ಅನ್ನುವ ‘ಹಾದಾ’ ಮಾತ್ರ ಬೇರೆ, ಅದು ‘ಹೆಸ್ಸೊಯೋ’ ಆಗುತ್ತದೆ.

ವರ್ತಮಾನಕಾಲ ಗೊತ್ತಿದ್ದರೆ ಇನ್ನೂ ಸುಲಭ. ಕೊನೆಯ ‘ಯೋ’ ತೆಗೆದು ‘ಸ್ಸೊಯೋ’ ಹಾಕಿ: ಕಾಯೋ, ಕಾಸ್ಸೊಯೋ. ಪ್ವಾಯೋ, ಪ್ವಾಸ್ಸೊಯೋ (ನೋಡಿದೆ). ಮಾಶ್ಯೊಯೋ, ಮಾಶ್ಯೊಸ್ಸೊಯೋ (ಕುಡಿದೆ). ಸ್ವರ ಕೂಡಿಸುವ ಕೆಲಸ ಆಗಲೇ ಮುಗಿದಿರುತ್ತದೆ ಅಲ್ವಾ, ಅದಕ್ಕೇ ನನಗೆ ಈ ದಾರಿಯೇ ಜಾಸ್ತಿ ಇಷ್ಟ. ‘ವಿದ್ಯಾರ್ಥಿ ಆಗಿದ್ದೆ’ ಥರದ ವಾಕ್ಯಕ್ಕೆ ಇದು ನಡೆಯುವುದಿಲ್ಲ. ಅಲ್ಲಿ ನಾಮಪದ ವ್ಯಂಜನದಲ್ಲಿ ಮುಗಿದರೆ ‘ಇಒಸ್ಸೊಯೋ’, ಸ್ವರದಲ್ಲಿ ಮುಗಿದರೆ ‘ಯೊಸ್ಸೊಯೋ’.

ಹೋದೆ, ಹೋದಳು, ಹೋದರು ಅಂತ ನಮ್ಮ ಹಾಗೆ ಬದಲಿಸಬೇಕಿಲ್ಲ. ಎಲ್ಲಕ್ಕೂ ‘ಕಾಸ್ಸೊಯೋ’ ಸಾಕು. ಈಗ ನಿಮಗೆ ಗೊತ್ತಿರುವ ಹತ್ತು ಕ್ರಿಯಾಪದಗಳ ವರ್ತಮಾನ ರೂಪ ಬರೆದು, ಒಂದೊಂದನ್ನೇ ಬದಲಿಸಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಆ ಪದವನ್ನೇ ಇಲ್ಲಿ ಹಾಕಿ.