ಮೂರು ತಿಂಗಳ ಮರಿಗೆ ಯಾವ ಡಬ್ಬಿ ಆಹಾರ?

ತುಮಕೂರಿನ ಅಂಗಡಿಯಲ್ಲಿ ಕಂಡ ಡಬ್ಬಿಯಲ್ಲಿ ಪ್ರೋಟೀನ್ ಶೇ. 10 ಮಾತ್ರ ಇದೆ, ನಮ್ಮ ಮೂರು ತಿಂಗಳ ಬೆಕ್ಕಿನ ಮರಿಗೆ ಅದು ಸಾಕೇ ಎಂದು ಕೇಳಿದ್ದೀರಿ. ಖಂಡಿತ ಹಿಂಜರಿಯಬೇಡಿ. ಡಬ್ಬಿಯಲ್ಲಿ ಶೇ. 78ರಷ್ಟು ನೀರೇ ಇದ್ದರೆ, ಉಳಿದ 22 ಭಾಗದಲ್ಲಿ 10 ಭಾಗ ಪ್ರೋಟೀನ್, ಅಂದರೆ ಒಣ ತೂಕದ ಲೆಕ್ಕದಲ್ಲಿ ಸುಮಾರು ಶೇ. 45 ಆಗುತ್ತದೆ, ಬೆಳೆಯುವ ಮರಿಗೆ ಬೇಕಾದ ಕನಿಷ್ಠ ಶೇ. 30ಕ್ಕಿಂತ ಇದು ಬಹಳ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ಬೆಳವಣಿಗೆಗೆ ಸಂಪೂರ್ಣ ಆಹಾರ’ ಎಂಬರ್ಥದ ಸಾಲು ಇದೆಯೇ ನೋಡಿ. ‘ಪೂರಕ’ ಎಂದಿದ್ದರೆ ಅದನ್ನೇ ದಿನದ ಊಟವಾಗಿಸಬೇಡಿ. ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶ ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ, ಆದ್ದರಿಂದ ಆ ಹೆಸರನ್ನೂ ಹುಡುಕಿ. ನಮ್ಮ ಮರಿಯು ಫ್ರಿಜ್ಜಿನಿಂದ ತೆಗೆದದ್ದನ್ನು ಮೂಸಿ ಹಿಂದೆ ಸರಿಯುತ್ತಿತ್ತು. ಒಂದು ಚಮಚ ಬಿಸಿನೀರು ಬೆರೆಸಿಟ್ಟ ಮೇಲೆ ತಟ್ಟೆಯನ್ನೇ ನೆಕ್ಕತೊಡಗಿತು.