ಡಿಸೆಂಬರ್ ಚಳಿಯಲ್ಲಿ ನಮ್ಮ ಕಬ್ಬಿನ ಹೊಲದ ಪಕ್ಕ ಪುಟ್ಟ ಕೆಂಪು ಹಕ್ಕಿ ಜೋಡಿ ಗೂಡು ಕಟ್ಟುತ್ತಿದೆ, ಇದು ಸಹಜವಾ?

ಸಹಜ, ಗಾಬರಿ ಬೇಡ. ಗುಬ್ಬಿಗಿಂತ ಸಣ್ಣದು, ಕೆಂಪು ಮೈ ಮೇಲೆ ಬಿಳಿ ಚುಕ್ಕೆ, ಜೊತೆಗೊಂದು ಮಣ್ಣು ಬಣ್ಣದ ಹಕ್ಕಿ ಅಂತ ಬರೆದಿದ್ದೀರಿ. ಅದು ಕೆಂಪು ರಾಟವಾಳ. ಕೆಂಪು ಮುನಿಯ ಅಂತಲೂ ಕರೆಯುತ್ತಾರೆ. ಮಣ್ಣು ಬಣ್ಣದ್ದು ಹೆಣ್ಣು, ಅದರ ಬಾಲದ ಬುಡ ನೋಡಿ, ಅಲ್ಲೂ ಕೆಂಪು ಇರುತ್ತದೆ. ಚಳಿಗಾಲದಲ್ಲಿ ನಮ್ಮ ಕಡೆ ಬರುವ ಗುಲಾಬಿ ಫಿಂಚ್ ಬೇರೆ, ಅದು ಇಲ್ಲಿ ಗೂಡು ಕಟ್ಟಲ್ಲ.

ಈಗಲೇ ಯಾಕೆ ಅಂದರೆ, ಇವಕ್ಕೆ ಹುಲ್ಲಿನ ಕಾಳೇ ಊಟ. ಬಾಗಲಕೋಟೆ, ವಿಜಯಪುರದ ಕಡೆ ಜಾಸ್ತಿ ಮಳೆ ಬೀಳುವುದೇ ಸೆಪ್ಟೆಂಬರ್‌ನಲ್ಲಿ ಅಲ್ವಾ, ಆಮೇಲೆ ಬದುವಿನ ಹುಲ್ಲು ಬಲಿತು ಕಾಳು ಉದುರುವ ಹೊತ್ತಿಗೆ ಇವುಗಳ ಸಂಸಾರ ಶುರುವಾಗುತ್ತದೆ.

ಎರಡು ವರ್ಷದ ಹಿಂದೆ ಜಮಖಂಡಿ ಹತ್ತಿರ, ಕೃಷ್ಣಾ ದಂಡೆಯಲ್ಲಿರುವ ನಮ್ಮ ಮಾವನ ಹೊಲದಲ್ಲಿ ಇಂಥದೇ ಜೋಡಿಯನ್ನು ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಒಂದು ದಿನ ಗಂಡು ಎಲ್ಲಿಂದಲೋ ಒಂದು ಬೆಳ್ಳಕ್ಕಿ ಗರಿ ಕಚ್ಚಿಕೊಂಡು ಬಂತು. ಗರಿ ಅದರ ಮೈಗಿಂತ ಉದ್ದ. ಗಾಳಿ ಬೀಸಿದಾಗಲೆಲ್ಲ ಗರಿ ಜೊತೆ ಹಕ್ಕಿಯೂ ಪಕ್ಕಕ್ಕೆ ವಾಲುತ್ತಿತ್ತು, ಆದರೂ ಬಿಡಲಿಲ್ಲ, ಹುಲ್ಲಿನ ದಂಟಿನ ಮೇಲೆ ಕೂತು ಸುಧಾರಿಸಿಕೊಂಡು ಮೂರನೇ ಸಲಕ್ಕೆ ಗೂಡಿನೊಳಗೆ ಎಳೆದುಕೊಂಡೇ ಹೋಯಿತು. ಗೂಡು ಹುಲ್ಲಿನ ಉಂಡೆ ಥರ, ಬಾಗಿಲು ಪಕ್ಕದಲ್ಲಿ. ಸಾಮಾನ್ಯವಾಗಿ 5-6 ಬಿಳಿ ಮೊಟ್ಟೆ ಇಡುತ್ತವೆ. ನಾನು ಎಣಿಸಲು ಹೋಗಲಿಲ್ಲ, ನೀವೂ ಹೋಗಬೇಡಿ. ಹುಲ್ಲು ಸರಿಸಿದರೆ ಕಾಗೆಗೆ ದಾರಿ ತೋರಿಸಿದ ಹಾಗೆ. 20-25 ಹೆಜ್ಜೆ ದೂರ ಸುಮ್ನೆ ಕೂತರೆ ಸಾಕು, ಸಣ್ಣ ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು.

ನನಗೆ ನಿಜವಾದ ಭಯ ಇರುವುದು ಕಬ್ಬು ಕಟಾವಿನದು. ನಿಮ್ಮದೂ ಈಗಲೇ ಕಟಾವಿಗೆ ಬಂದಿರಬೇಕು. ಆ ವರ್ಷ ಕಡಿಯುವವರು ಬಂದ ದಿನ ಮಾವನಿಗೆ ಹೇಳಿದೆ, ಅವರು ಗ್ಯಾಂಗಿನವರನ್ನು ಕರೆದು "ಆ ಮೂಲ್ಯಾಗ ನಾಕು ಸಾಲು ಬಿಡ್ರಿ, ಹಕ್ಕಿ ಮರಿ ಮಾಡ್ಯಾವ" ಅಂದರು. ಅಷ್ಟೇ, ಯಾರೂ ಎದುರು ಮಾತಾಡಲಿಲ್ಲ. ರವದಿಗೂ, ಅಂದರೆ ಕಬ್ಬಿನ ಒಣ ಎಲೆಗೂ, ಬೆಂಕಿ ಹಾಕಲಿಲ್ಲ. ನೀವೂ ಈಗಲೇ ಮನೆಯವರ ಹತ್ತಿರ ಮಾತಾಡಿಡಿ. ಮೊಟ್ಟೆಗೆ ಎರಡು ವಾರ, ಮರಿ ಹಾರಲು ಮೂರು ವಾರ ಅಂತ ಲೆಕ್ಕ ಹಿಡಿಯಿರಿ.

ಇನ್ನೊಂದು ಮಾತು, ದಯವಿಟ್ಟು ಊರಿನ ಹೆಸರು ಹಾಕಿ ಫೋಟೋ ಹಂಚಬೇಡಿ. ಪಂಜರಕ್ಕೆ ಅಂತ ಇವನ್ನು ಬಲೆ ಹಾಕಿ ಹಿಡಿಯುವವರು ಇದ್ದಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಆದರೂ ನಿಂತಿಲ್ಲ.

ಮರಿಗಳು ಹೊರಗೆ ಬಂದಾಗ ಕೆಂಪು ಹುಡುಕಬೇಡಿ. ಕಂದು ಮೈ, ಕಪ್ಪು ಕೊಕ್ಕು, ಮೈ ಮೇಲೆ ಚುಕ್ಕೆಯೂ ಇರಲ್ಲ. ನಾನು ಮೊದಲ ದಿನ ಬೇರೆ ಯಾವುದೋ ಹಕ್ಕಿ ಅಂದುಕೊಂಡಿದ್ದೆ, ಕೆಂಪು ಗಂಡು ಬಂದು ಅವುಗಳ ಬಾಯಿಗೆ ಕಾಳು ಕೊಟ್ಟ ಮೇಲೇ ಗೊತ್ತಾಗಿದ್ದು.