ಓದುಗರ ಪ್ರಶ್ನೆ: ಕೈ ತೊಳ್ದು ಮುಗಿಯುದೇ ಇಲ್ಲ

ಪ್ರಶ್ನೆ: ನಂಗೆ 31 ವರ್ಷ, ಪೆರ್ಲದ ಹತ್ರ ಮನೆ, ಅಡಿಕೆ ತೋಟ ಉಂಟು. ಎರಡು ವರ್ಷದ ಹಿಂದೆ ತೋಟಕ್ಕೆ ಮದ್ದು ಬಿಟ್ಟ ದಿನ ಇವರ ಅಂಗಿಯ ನೀಲಿ ಕಲೆ ಕೈಗೆ ತಾಗಿತು, ಆವತ್ತಿಂದ ಶುರು. ಎಷ್ಟು ತೊಳೆದ್ರೂ ಸಾಕಾಗುದಿಲ್ಲ, ಬಾವಿಕಟ್ಟೆ, ಬಾಗಿಲ ಚಿಲಕ, ಮಗನ ಸ್ಕೂಲ್ ಬ್ಯಾಗ್ ಎಲ್ಲದರಲ್ಲೂ ವಿಷ ಉಂಟು ಅನ್ಸ್ತದೆ. "ಏನೂ ಆಗುದಿಲ್ಲ ಅಲ್ವಾ" ಅಂತ ಇವರತ್ರ ದಿನಕ್ಕೆ ಇಪ್ಪತ್ತು ಸಲ ಕೇಳ್ತೇನೆ. ಅತ್ತೆ ಮಾತ್ರ ಸೊಸೆಗೆ ಮಡಿ ಜಾಸ್ತಿ ಅಂತ ನೆಂಟರ ಹತ್ರ ಹೊಗಳ್ತಾರೆ. ಇದು ಒಸಿಡಿ ಅಂತಾರಲ್ಲ, ಆ ಗೀಳು ಕಾಯಿಲೆಯಾ? ನನ್ನ ಹಾಗೆ ಇರುವವರು ಬೇರೆ ಯಾರಾದ್ರೂ ಇದ್ದಾರಾ? ಅವರ ಹತ್ರ ಒಮ್ಮೆ ಮಾತಾಡ್ಬೇಕು.

ಉತ್ತರ: ಇದ್ದಾರೆ ತಂಗಿ, ಈ ಉತ್ತರ ಬರೀತಾ ಇರುವವಳೇ ಒಬ್ಬಳು. ನಂದು ಗ್ಯಾಸಿನ ಗೀಳು. ಕುಂಬಳೆ ಸ್ಟೇಷನ್ನಿಗೆ ಹೊರಟವಳು ಅರ್ಧ ದಾರಿಯಿಂದ ವಾಪಸ್ ಬಂದು ನಾಬ್ ಮುಟ್ಟಿ ನೋಡಿ, ಮತ್ತೆ ಹೊರಟು, ಮತ್ತೆ ಬಂದು, ಕಡೆಗೆ ಟ್ರೈನೇ ತಪ್ಪಿ ಹೋಗ್ತಿತ್ತು. ನೂರು ಜನರಲ್ಲಿ ಒಂದಿಬ್ಬರಿಗೆ ಜೀವನದಲ್ಲಿ ಯಾವಾಗಾದ್ರೂ ಇದು ಬರ್ತದೆ ಅಂತ ಲೆಕ್ಕ, ಅಂದ್ರೆ ನಿಮ್ಮ ಊರಲ್ಲೇ ಬಾಯಿ ಬಿಡದೆ ಕೂತವರು ಇರ್ತಾರೆ.

ಒಸಿಡಿ ಹೌದಾ ಅಂತ ಡಾಕ್ಟರೇ ಹೇಳ್ಬೇಕು, ಆದ್ರೆ ಬೇಡ ಬೇಡ ಅಂದ್ರೂ ನುಗ್ಗುವ ಯೋಚನೆ, ಅದನ್ನು ಸಮಾಧಾನ ಮಾಡ್ಲಿಕ್ಕೆ ಮಾಡಿದ್ದನ್ನೇ ಮಾಡುದು, ಅದಕ್ಕೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಹೋಗುದು ಅಥವಾ ಮನೆಕೆಲಸ, ಸಂಬಂಧ ಹಾಳಾಗುದು, ಇಷ್ಟಿದ್ರೆ ತೋರಿಸ್ಲೇಬೇಕು. ಇದಕ್ಕೂ ಮಡಿಗೂ ಸಂಬಂಧ ಇಲ್ಲ. ಮಡಿ ಮಾಡಿದವರಿಗೆ ಮಿಂದ ಮೇಲೆ ಆಯ್ತು ಅನ್ನುವ ಸಮಾಧಾನ ಉಂಟು, ನಿಮಗೆ ಆ "ಆಯ್ತು" ಸಿಗುದೇ ಇಲ್ಲ. ಅತ್ತೆಯ ಹೊಗಳಿಕೆ ಕೇಳಿ ನಂಗೆ ಹೊಟ್ಟೆ ಉರಿದದ್ದು ಅದಕ್ಕೇ, ನಮ್ಮ ಕಡೆ ಎಷ್ಟು ಹೆಂಗಸರ ಕಾಯಿಲೆ ಹೀಗೆ ಒಳ್ಳೆ ಗುಣ ಅಂತ ಮುಚ್ಚಿ ಹೋಗಿದೆಯೋ.

ಮತ್ತೆ ನಿಮ್ಮ ಹೆದರಿಕೆ ಆಕಾಶದಿಂದ ಉದುರಿದ್ದೂ ಅಲ್ಲ. ನಿಮ್ಮ ಎಣ್ಮಕಜೆ ಪಂಚಾಯತಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟದ್ದು ನಿಂತದ್ದೇ 2000ದಲ್ಲಿ, ಅದರ ಸಂಕಟ ನೋಡಿಕೊಂಡೇ ಬೆಳೆದವರು ನೀವು. ಗೀಳು ಯಾವತ್ತೂ ನಮಗೆ ಯಾವುದು ತುಂಬ ಮುಖ್ಯವೋ ಅದಕ್ಕೇ ಅಂಟಿಕೊಳ್ತದೆ, ನಿಮಗೆ ಮಗ. ಆದ್ರೆ ಕೊಳೆರೋಗಕ್ಕೆ ಬಿಡುವ ಮೈಲುತುತ್ತು ಸುಣ್ಣದ ಬೋರ್ಡೋ ಬೇರೆ, ಎಂಡೋಸಲ್ಫಾನ್ ಬೇರೆ. ಮದ್ದು ಬಿಟ್ಟ ದಿನ ತೋಟದ ಕೆಲಸದವರೆಲ್ಲ ಹೇಗೆ ಸೋಪು ಹಾಕಿ ತೊಳೀತಾರೋ ಹಾಗೆ ತೊಳೆಯಿರಿ, ಅದು ಜಾಗ್ರತೆ. ಎರಡು ವರ್ಷ ಆದ್ಮೇಲೂ ಸ್ಕೂಲ್ ಬ್ಯಾಗ್ ತೊಳಿಸುದು ಕಾಯಿಲೆ.

ಚಿಕಿತ್ಸೆ ಉಂಟು. ಇಆರ್‌ಪಿ ಅಂತ ಒಂದು ಥೆರಪಿ, ಹೆದರಿಕೆ ಹುಟ್ಟಿಸುದನ್ನು ಸಣ್ಣದರಿಂದ ಶುರುಮಾಡಿ ಮುಟ್ಟುದು, ಮುಟ್ಟಿ ತೊಳೆಯದೆ ಕೂರುದು. ಎದೆ ಹೊಡ್ಕೊಳ್ತದೆ, ಆದ್ರೆ ಕೂತಹಾಗೆ ಕೂತಹಾಗೆ ಅದು ತಾನಾಗಿ ಇಳೀತದೆ, ತೊಳೆಯದೆಯೂ ಇಳೀತದೆ ಅಂತ ಮೈಗೆ ಗೊತ್ತಾಗ್ಲಿಕ್ಕೆ ನಂಗೆ ತಿಂಗಳುಗಟ್ಟಲೆ ಹಿಡೀತು. ಮಾತ್ರೆಯೂ ಉಂಟು, ಎಸ್‌ಎಸ್‌ಆರ್‌ಐ ಅಂತ, ಪರಿಣಾಮ ಸರಿಯಾಗಿ ಕಾಣ್ಲಿಕ್ಕೆ 8ರಿಂದ 12 ವಾರ ಬೇಕು, ಹದಿನೈದು ದಿನಕ್ಕೆ ಎಂತದೂ ಆಗ್ಲಿಲ್ಲ ಅಂತ ನೀವಾಗಿ ಬಿಡ್ಬೇಡಿ. ಮೊದಲು ಯಾರ ಹತ್ರ ಮಾತಾಡುದು ಅಂತ ಗೊತ್ತಾಗದಿದ್ರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ದಿನದ 24 ಗಂಟೆಯೂ ಉಂಟು, ಫ್ರೀ, ಭಾಷೆ ಆರಿಸ್ಲಿಕ್ಕೂ ಆಗ್ತದೆ. ಮಂಗಳೂರಿಗೆ ಹೋಗ್ಲಿಕ್ಕೆ ಕಷ್ಟ ಆದ್ರೆ ನಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಯಾವಾಗ ಎಲ್ಲಿ ಅಂತ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ.

ಇನ್ನು ನೀವು ಕೇಳಿದ ಜೊತೆಯವರ ವಿಷಯ. ಮಂಗಳೂರಲ್ಲಿ ಡಾಕ್ಟರಿಗೆ ಕಾಯ್ತಾ ಕೂತಿದ್ದಾಗ ಪಕ್ಕದಲ್ಲಿದ್ದ ಮಂಜೇಶ್ವರದ ಒಬ್ಬರು ಮೆಲ್ಲಗೆ ಕೇಳಿದ್ರು, "ನಿಮ್ಮದು ತೊಳೆಯುದಾ, ನೋಡುದಾ?" ನಂಗೆ ಅಲ್ಲೇ ಅಳು ಬಂತು, ಅಷ್ಟು ವರ್ಷದಲ್ಲಿ ವಿವರಿಸದೆಯೇ ಅರ್ಥ ಆದದ್ದು ಅದೇ ಮೊದಲು. ಈಗ ನಾವು ನಾಲ್ಕು ಜನ ಹದಿನೈದು ದಿನಕ್ಕೊಮ್ಮೆ ಸೇರ್ತೇವೆ, ತುಳು, ಕನ್ನಡ, ಮಲಯಾಳ ಬಾಯಿಗೆ ಬಂದದ್ದರಲ್ಲಿ ಮಾತು. ನೀವೂ ಡಾಕ್ಟರಲ್ಲಿ ಹೇಳಿ, ಒಪ್ಪಿಗೆ ಇರುವ ಇನ್ನೊಬ್ಬರನ್ನು ಸೇರಿಸಿ ಕೊಡ್ಲಿಕ್ಕೆ, ಇಬ್ಬರಿದ್ರೂ ಸಾಕು. ನಮ್ಮಲ್ಲಿ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಹೇಳುದಿಲ್ಲ. ಮತ್ತೆ ಯಾರೂ ಯಾರಿಗೂ "ಏನೂ ಆಗುದಿಲ್ಲ" ಅನ್ನುದಿಲ್ಲ. ಕಲ್ಲು ಮನಸ್ಸಿಂದ ಅಲ್ಲ, ಆ ಮಾತಿನ ಸಮಾಧಾನ ಹತ್ತು ನಿಮಿಷ ಮಾತ್ರ, ಆಮೇಲೆ ಗೀಳು ಅದನ್ನೇ ತಿಂದು ಇನ್ನಷ್ಟು ಬೆಳೀತದೆ. ಅದರ ಬದಲು "ಈಗ ಎಷ್ಟು ಜೋರಾಗಿ ಉಂಟು, ಹತ್ತರಲ್ಲಿ ಎಷ್ಟು?" ಅಂತ ಕೇಳ್ತೇವೆ, ಜೊತೆಗೆ ಕೂರ್ತೇವೆ, ಎಂಟು ಅಂದದ್ದು ಐದಕ್ಕೆ ಬರುವವರೆಗೆ ಚಾ ಕುಡೀತೇವೆ.

ಇದನ್ನು ನಿಮ್ಮವರಿಗೂ ಓದಿಸಿ. ಅವರು ಪ್ರೀತಿಯಿಂದಲೇ ಇಪ್ಪತ್ತು ಸಲ ಉತ್ತರ ಕೊಟ್ಟದ್ದು, ತಪ್ಪು ಅವರದ್ದಲ್ಲ. ಒಮ್ಮೆಲೇ ನಿಲ್ಲಿಸುದು ಬೇಡ, ಇಬ್ಬರೂ ಮೊದಲೇ ಮಾತಾಡಿಕೊಳ್ಳಿ, ರಾತ್ರಿ ಊಟದ ನಂತರ ಕೇಳಿದ್ದಕ್ಕೆ ಮಾತ್ರ ಉತ್ತರ ಇಲ್ಲ ಅಂತ. ಆಗ ಅವರು ಹೇಳ್ಬೇಕಾದ್ದು ಇಷ್ಟೇ: "ಇದಕ್ಕೆ ನಾನು ಉತ್ತರ ಹೇಳುದಿಲ್ಲ, ಬಾ, ಜಗಲಿಯಲ್ಲಿ ಸ್ವಲ್ಪ ಕೂತ್ಕೊಳ್ಳುವ."